ಮೇಷ್ಟ್ರು ಹೇಳದೆ ಉಳಿಸಿದ ಅರ್ಧ

ಮೇಷ್ಟ್ರ ಎಡಗಿವಿಯ ಹಿಂದೆ ಯಾವಾಗಲೂ ಒಂದು ಬಿಳಿ ಬರೆ ಇರುತ್ತಿತ್ತು. ಬಳಪದ ಚೂರನ್ನು ಅಲ್ಲಿ ಸಿಕ್ಕಿಸಿಕೊಳ್ಳುವುದು ಅವರ ಅಭ್ಯಾಸ. ಬೆಳಿಗ್ಗೆ ತಣ್ಣೀರು ಸುರಿದುಕೊಂಡು ಮಡಿ ಪಂಚೆ ಉಟ್ಟು ಹೊರಗೆ ಬಂದರೂ ಆ ಬರೆ ಹೋಗುತ್ತಿರಲಿಲ್ಲ. ಆಳು ದಪ್ಪ, ಕುತ್ತಿಗೆ ಮೋಟು, ಕಣ್ಣು ಮಾತ್ರ ಚಿಕ್ಕ ಮಕ್ಕಳ ಕಣ್ಣು. ಎದುರಿಗೆ ನಿಂತು ಮಾತಾಡುತ್ತಿರುವಾಗಲೇ ಆ ಕಣ್ಣು ನಮ್ಮನ್ನು ದಾಟಿ ಇನ್ನೆಲ್ಲೋ ಹೋಗಿರುತ್ತಿತ್ತು. ಆಗ ಕೈ ತಾನಾಗಿ ಕಿವಿಯ ಹಿಂದಕ್ಕೆ ಹೋಗಿ ಬಳಪ ತಡಕುತ್ತಿತ್ತು.

ನಾನು ಬಂಡೂರಿನಿಂದ ಮಳವಳ್ಳಿಗೆ ಸೊಸೆಯಾಗಿ ಬಂದ ವರ್ಷವೇ ಅವರು ನಮ್ಮ ಮನೆಯ ಮುಂದಿನ ಕೋಣೆಗೆ ಬಾಡಿಗೆಗೆ ಬಂದರು. ಮಾವ ತೀರಿಕೊಂಡು ಬಹಳ ಕಾಲವಾಗಿತ್ತು. ಜಮೀನನ್ನು ವಾರಕ್ಕೆ, ಅಂದರೆ ಬೆಳೆಯ ಪಾಲಿಗೆ, ಕೊಟ್ಟು ಅತ್ತೆ ಒಬ್ಬ ಮಗನನ್ನು ಸಾಕಿದ್ದರು. ಆ ಮಗ, ಅಂದರೆ ನನ್ನ ಗಂಡ, ಮಂಡ್ಯಕ್ಕೆ ಕಬ್ಬು ಹೊಡೆಯುವ ಲಾರಿಯ ಡ್ರೈವರು. ಮೇಷ್ಟ್ರು ಮಿಡ್ಲ್ ಸ್ಕೂಲಿನಲ್ಲಿ ಲೆಕ್ಕ ಹೇಳಿಕೊಡುತ್ತಿದ್ದರು. ಮೈಸೂರಿನಲ್ಲಿ ದೊಡ್ಡ ಓದು ಓದಿದವರು ಮಳವಳ್ಳಿಯ ಮಕ್ಕಳಿಗೆ ಬಡ್ಡಿ ಲೆಕ್ಕ ಹೇಳುವುದೇಕೆಂದು ಊರಿಗೆಲ್ಲ ಕುತೂಹಲ. ಹೆಂಡತಿ ಬಾಣಂತನದಲ್ಲಿ ಹೋದಳು, ಮಗುವೂ ಉಳಿಯಲಿಲ್ಲ, ನೆಂಟರ ಜೊತೆ ಮಾತು ಬಿಟ್ಟುಹೋಗಿದೆ ಎಂಬಷ್ಟು ನಮಗೆ ಆಮೇಲೆ ತಿಳಿಯಿತು. ಜಾತಿ ಬೇರೆಯಾದ್ದರಿಂದ ಕೋಣೆಯಲ್ಲೇ ಒಲೆ ಹೂಡಿ ತಾವೇ ಅನ್ನ ಬೇಯಿಸಿಕೊಳ್ಳುತ್ತಿದ್ದರು. ನಮ್ಮ ಮನೆಯಿಂದ ಮಜ್ಜಿಗೆ ಮಾತ್ರ ತೆಗೆದುಕೊಳ್ಳುತ್ತಿದ್ದರು. ಅತ್ತೆ ದಿನಾ ಮಧ್ಯಾಹ್ನ ಕಂಚಿನ ಚೊಂಬಿನಲ್ಲಿ ಮಜ್ಜಿಗೆ ಇಟ್ಟು, "ಮೇಷ್ಟ್ರೇ, ತಕಳಿ" ಎಂದು ಹೊಸಿಲಿನಾಚೆಯಿಂದ ಕೂಗುತ್ತಿದ್ದರು.

ಶನಿವಾರ ಸ್ಕೂಲು ಬಿಟ್ಟ ಕೂಡಲೇ ಮೇಷ್ಟ್ರು ಮೈಸೂರಿನ ಬಸ್ಸು ಹತ್ತುತ್ತಿದ್ದರು. ಯುದ್ಧದ ಕಾಲ, ಪೆಟ್ರೋಲಿಲ್ಲ, ಬಸ್ಸುಗಳೆಲ್ಲ ಹಿಂದುಗಡೆ ಇದ್ದಲಿನ ಒಲೆ ಹೊತ್ತುಕೊಂಡು ಓಡುತ್ತಿದ್ದವು. ಕಾಲೇಜಿನ ಪುಸ್ತಕದ ಕೋಣೆಯಲ್ಲಿ ಭಾನುವಾರವೆಲ್ಲ ಕೂತು ಹೊರದೇಶದ ಪತ್ರಿಕೆಗಳನ್ನು ಓದಿ, ಮುಖವೆಲ್ಲ ಮಸಿ ಮಾಡಿಕೊಂಡು ವಾಪಸು ಬರುವರು. "ಏನ್ ಮೇಷ್ಟ್ರೇ, ಬಸ್ಸ ನೀವೇ ಉರಿಸ್ಕೊಂಡ್ ಬಂದ್ರಾ?" ಎಂದು ಅತ್ತೆ ಕೇಳಿದರೆ ಮಸಿ ಮುಖದಲ್ಲೇ ನಗುವರು. ಆಮೇಲೆ ಸ್ಲೇಟು ಹಿಡಿದರೆ ಮುಗಿಯಿತು. ಕಾಗದ ಸಿಗದ ಕಾಲವೆಂದು ಅವರ ಲೆಕ್ಕವೆಲ್ಲ ಸ್ಲೇಟಿನ ಮೇಲೆ. ಬರೆದದ್ದನ್ನು ಒರೆಸಿ ಮುಂದಿನದನ್ನು ಬರೆಯುವರು. ಒರೆಸಿದ್ದು ಎಲ್ಲಿ ಹೋಯಿತು ಎಂದು ನಾನು ಒಮ್ಮೆ ಕೇಳಿದ್ದಕ್ಕೆ ತಲೆ ಮುಟ್ಟಿ ತೋರಿಸಿದರು.

ಪಾಠ ಹೇಳುವುದರಲ್ಲಿ ಅವರಿಗೊಂದು ಪದ್ಧತಿಯಿತ್ತು. ಯಾವ ಪಾಠವನ್ನೂ ಮುಗಿಸುತ್ತಿರಲಿಲ್ಲ. ಸರಿಯಾಗಿ ಅರ್ಧಕ್ಕೆ, ಮಕ್ಕಳು ಬಾಯಿ ಬಿಟ್ಟುಕೊಂಡು ಕೇಳುತ್ತಿರುವಾಗ, "ಉಳಿದದ್ದು ನಾಳೆ" ಎಂದು ಬಳಪ ಕಿವಿಗೆ ಸಿಕ್ಕಿಸಿಬಿಡುವರು. ಹೊಲದ ಕೆಲಸಕ್ಕೆ, ಕುರಿ ಕಾಯಲು ಎಂದು ಸ್ಕೂಲು ತಪ್ಪಿಸಿಕೊಳ್ಳುವ ಹುಡುಗರು ಉಳಿದರ್ಧಕ್ಕಾಗಿ ಮಾರನೆಯ ದಿನ ಬಂದೇ ಬರುತ್ತಿದ್ದರು. ಇದರಿಂದ ಒಮ್ಮೆ ಫಜೀತಿಯೂ ಆಗಿತ್ತು. ಕುಂಬಳಕಾಯಿಯ ಮೇಲೆ ತ್ರಿಕೋನ ಬರೆದರೆ ಅದರ ಮೂರು ಕೋನ ಸೇರಿ ಎರಡು ಸಮಕೋನಕ್ಕಿಂತ ಹೆಚ್ಚಾಗುತ್ತದೆಂದು ಹೇಳಿ, ಚಪ್ಪಟೆ ಹಲಗೆಯ ಮಾತನ್ನು ಮಾರನೆಯ ದಿನಕ್ಕೆ ಉಳಿಸಿದ್ದರು. ಮಾರನೆಯ ದಿನ ಇನ್‌ಸ್ಪೆಕ್ಟರು ಬಂದರು. ತ್ರಿಕೋನದ ಕೋನಗಳ ಮೊತ್ತವೆಷ್ಟು ಎಂದು ಕೇಳಿದರೆ ಒಬ್ಬ ಎದ್ದು ನಿಂತು, "ಕುಂಬ್ಳಕಾಯ್ದು ಗೊತ್ತು ಸಾ, ಅಲ್ಗೇದು ಇವತ್ತು ಯೋಳ್ತಾರೆ" ಎಂದ. ಮೇಷ್ಟ್ರಿಗೆ ಬಡ್ತಿ ಆ ವರ್ಷ ತಪ್ಪಿತೆಂದು ಕೇಳಿದೆ. ಮೇಷ್ಟ್ರು ಅದನ್ನು ನಮಗೆ ಹೇಳುತ್ತ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು.

ನನಗೂ ಅವರೇ ಗುರು. ತೌರಿನಲ್ಲಿ ನಾಲ್ಕನೆಯ ಕ್ಲಾಸಿಗೇ ನನ್ನ ಓದು ನಿಂತಿತ್ತು. ನಾನು ಜಗುಲಿಯಲ್ಲಿ ಅಕ್ಕಿ ಆರಿಸುತ್ತ ಕೂತರೆ ಅವರು ಕಿಟಕಿಯೊಳಗಿನಿಂದ ಲೆಕ್ಕ ಹೇಳುವರು, ನಾನು ಮೊರದಲ್ಲಿ ಕಲ್ಲಿಟ್ಟು ಉತ್ತರ ಹುಡುಕುವೆ. ಅತ್ತೆ ಬೇಡವೆನ್ನಲಿಲ್ಲ. ಗಂಡ ಲಾರಿ ಬಿಟ್ಟು, ಸೈನ್ಯದಲ್ಲಿ ಡ್ರೈವರಿಗೆ ಒಳ್ಳೆ ಸಂಬಳವೆಂದು ಮದ್ದೂರಿನ ತನ್ನ ಗೆಳೆಯನೊಬ್ಬನ ಜೊತೆ ಸೇರಿಕೊಂಡಾಗ ನನಗೆ ಹತ್ತೊಂಬತ್ತೂ ತುಂಬಿರಲಿಲ್ಲ. ಆ ಗೆಳೆಯ ಸಾಬರ ಹುಡುಗ, ಮೆಕ್ಯಾನಿಕ್ಕು. ಇಬ್ಬರೂ ಮದ್ದೂರು ಸ್ಟೇಷನ್ನಿನಲ್ಲಿ ರೈಲು ಹತ್ತಿದರು. ಹಡಗಿನಲ್ಲಿ ಮಲಯಕ್ಕೆ ಕಳಿಸಿದರೆಂದು ಒಂದು ಕಾಗದ ಬಂತು, ಆಮೇಲೆ ಏನೂ ಬರಲಿಲ್ಲ. ಸಿಂಗಾಪುರ ಜಪಾನಿನವರ ಕೈಗೆ ಬಿತ್ತೆಂಬ ಸುದ್ದಿಯನ್ನು ಮೇಷ್ಟ್ರೇ ಪತ್ರಿಕೆಯಲ್ಲಿ ಓದಿ, ನಮಗೆ ಹೇಳಲಾರದೆ ಆ ದಿನ ಮಜ್ಜಿಗೆಗೂ ಬರಲಿಲ್ಲ.

ಆ ಬೇಸಗೆಯ ಒಂದು ಸಂಜೆ ನಡೆದದ್ದನ್ನೇ ನಾನು ಹೇಳಬೇಕಾಗಿರುವುದು.

ಸೆಕೆಯೆಂದು ಎಲ್ಲರೂ ಜಗುಲಿಯಲ್ಲಿದ್ದೆವು. ಮೇಷ್ಟ್ರು ತಮ್ಮ ನವಾರಿನ ಮಂಚವನ್ನು ಹೊರಗೆ ಹಾಕಿ ಅದರ ನಡುವೆ ಕೂತಿದ್ದರು. ನವಾರು ಸಡಿಲವಾಗಿ ಬಾವಿಯಂತೆ ತಗ್ಗಿತ್ತು. ಬೀದಿಯ ಮಕ್ಕಳನ್ನು ಕರೆದು ಮಂಚದ ಅಂಚಿನಲ್ಲಿ ಗೋಲಿ ಇಡಿರೆಂದರು. ಗೋಲಿಗಳು ಉರುಳಿ ಅವರ ಮಡಿಲಿಗೇ ಬಂದವು.

"ನಾನೇನು ಕರೆದೆನೇನ್ರೋ? ಹಗ್ಗ ಕಟ್ಟಿ ಎಳೆದೆನೆ? ನನ್ನ ಭಾರಕ್ಕೆ ಮಂಚ ಬಾಗಿದೆ, ಗೋಲಿ ಬಾಗಿದ ದಾರಿ ಹಿಡಿಯಿತು. ಸೂರ್ಯನ ಸುತ್ತ ಭೂಮಿ ತಿರುಗೋದೂ ಹೀಗೇ. ಬಾಗಿರೋದು ಮಂಚ ಅಲ್ಲ, ದೇಶ, ಅಂದರೆ ಈ ಜಾಗ, ಮತ್ತೆ ಕಾಲ, ಎರಡೂ ಸೇರಿ ಬಾಗಿವೆ."

ಅತ್ತೆ ಹುಣಿಸೆ ಬೀಜ ತೆಗೆಯುತ್ತಿದ್ದವರು, "ನೀವು ಇನ್ನೊಸಿ ದಪ್ಪ ಆಗ್ಬುಟ್ರೆ ಮಂಚ ಅರ್ದೋಗಿ ನೆಲ ಸೇರ್ತೀರಿ ಕಣ್ ಮೇಷ್ಟ್ರೇ" ಎಂದರು.

ಮೇಷ್ಟ್ರು ಮಂಚದಿಂದ ಜಿಗಿದೇಬಿಟ್ಟರು. "ಅದೇ ತಾಯಿ! ಅದನ್ನೇ ಅಮೆರಿಕದಲ್ಲಿ ಇಬ್ಬರು ಲೆಕ್ಕ ಹಾಕಿದಾರೆ. ತುಂಬ ಭಾರದ ನಕ್ಷತ್ರ, ಒಳಗಿನ ಬೆಂಕಿ ಆರಿಹೋಯ್ತು ಅನ್ನಿ. ತನ್ನ ಭಾರಕ್ಕೆ ತಾನೇ ಕುಸಿಯುತ್ತೆ. ಕುಸಿದು ಕುಸಿದು ಅದರ ಸುತ್ತ ಒಂದು ಎಲ್ಲೆ ಹುಟ್ಟುತ್ತೆ. ಅಲ್ಲಿಂದ ಬೆಳಕೂ ಆಚೆ ಬರೋ ಹಾಗಿಲ್ಲ. ಈಗ ಒಬ್ಬ ಮನುಷ್ಯ ಅದರ ಕಡೆಗೆ ಬೀಳ್ತಾ ಇದಾನೆ ಅನ್ನಿ. ದೂರದಲ್ಲಿ ನಿಂತು ನಾವು ನೋಡ್ತೀವಿ. ಅವನು ಬರಬರುತ್ತ ನಿಧಾನ ಆಗ್ತಾನೆ, ಅವನ ಗಡಿಯಾರ ನಿಧಾನ ಆಗುತ್ತೆ, ಎಲ್ಲೆ ಹತ್ತಿರ ಹೋದ ಹಾಗೆ ನಿಂತೇಬಿಡ್ತಾನೆ. ನಾವು ಎಷ್ಟು ಕಾಲ ಕಾದರೂ ಅವನು ಒಳಗೆ ಬಿದ್ದದ್ದು ನಮಗೆ ಕಾಣೋದೇ ಇಲ್ಲ."

"ಅಂಗಾರೆ ಅವ್ನು ಸಾಯಾಕಿಲ್ವಾ?" ಅತ್ತೆಯ ಕೈ ಹುಣಿಸೆಯಲ್ಲೇ ನಿಂತಿತ್ತು.

ಮೇಷ್ಟ್ರು ತುಂಟ ಹುಡುಗನ ಹಾಗೆ ನಕ್ಕು, "ಉಳಿದದ್ದು ನಾಳೆ" ಎಂದು ಬಳಪ ಕಿವಿಗೆ ಸಿಕ್ಕಿಸಿಕೊಂಡರು.

ಮಾರನೆಯ ದಿನ ಅಂಚೆಯವನು ಸೈನ್ಯದ ಕಾಗದ ತಂದ. ನನ್ನ ಗಂಡ ಕಾಣೆಯಾಗಿದ್ದಾನೆ, ಇದ್ದಾನೋ ಇಲ್ಲವೋ ತಿಳಿದಿಲ್ಲ. ಅದನ್ನು ಕನ್ನಡ ಮಾಡಿ ಹೇಳಿದವರೂ ಮೇಷ್ಟ್ರೇ. ಅತ್ತೆ ಅಳಲಿಲ್ಲ. ಒಲೆ ಹಚ್ಚಲಿಲ್ಲ, ಉಣ್ಣಲಿಲ್ಲ, ನಾನು ಬಾಯಿಗಿಟ್ಟದ್ದನ್ನು ಉಗಿದರು. ಕಣ್ಣೆದುರಿಗೇ ಸವೆದುಹೋಗುತ್ತಿದ್ದರು. ಹೀಗೇ ದಿನ ಕಳೆದು ಒಂದು ಮಧ್ಯಾಹ್ನ ಗೋಡೆ ಹಿಡಿದುಕೊಂಡು ಎದ್ದು ಮೇಷ್ಟ್ರ ಬಾಗಿಲಿಗೆ ಹೋದರು. ಹಿಂದೆಯೇ ನಾನೂ ಹೋದೆ.

"ಮೇಷ್ಟ್ರೇ, ಅವತ್ತು ಯೋಳುದ್ರಲ್ಲಾ, ನಿಂತೇ ಇರ್ತಾನೆ ಅಂತಾವ. ನನ್ ಮಗನೂವೆ ಅಂಗೇಯಾ ನಿಂತವ್ನಾ?"

ಮೇಷ್ಟ್ರ ಬಾಯಿ ತೆರೆಯಿತು. ಅವರು ಅತ್ತೆಯ ಗುಳಿಬಿದ್ದ ಕಣ್ಣು ನೋಡಿದರು, ನನ್ನನ್ನು ನೋಡಿದರು. "ನಮಗೆ ಸುದ್ದಿ ಬರೋವರೆಗೆ... ಹೌದು ತಾಯಿ. ನಮ್ಮ ಪಾಲಿಗೆ ಹಾಗೇ" ಎಂದರು.

ಅತ್ತೆ ಆ ದಿನ ಒಲೆ ಹಚ್ಚಿದರು. ಮುದ್ದೆ ತಿರುವಿ, ನನಗೂ ಇಕ್ಕಿ, ತಾವೂ ಉಂಡರು. ಚೊಂಬಿನಲ್ಲಿ ಮಜ್ಜಿಗೆ ಹೋಯಿತು. ಆ ಮಜ್ಜಿಗೆಯನ್ನು ಮೇಷ್ಟ್ರು ಹೇಗೆ ಕುಡಿದರೋ ದೇವರೇ ಬಲ್ಲ.

ಆಮೇಲೆ ನಾಲ್ಕು ವರ್ಷ ನಮ್ಮ ಮನೆ ಆ ಒಂದು ಮಾತಿನ ಮೇಲೆ ನಡೆಯಿತು. ಅತ್ತೆಗೆ ಮಗ ನಿಂತಿದ್ದ, ಎಲ್ಲೋ, ದೂರದಲ್ಲಿ, ಹೋದಾಗ ಇದ್ದ ವಯಸ್ಸಿನಲ್ಲೇ. ಯಾರಾದರೂ ಕೇಳಿದರೆ "ಮೇಷ್ಟ್ರು ಲೆಕ್ಕ ಆಕವ್ರೆ ಕಣವ್ವ" ಎನ್ನುವರು. ಶುಕ್ರವಾರ ನನ್ನನ್ನು ಕೂರಿಸಿ ಎಣ್ಣೆಯಿಟ್ಟು ತಲೆ ಬಾಚಿ ಹೂ ಮುಡಿಸುವರು. ಬಳೆಗಾರ ಬಂದರೆ ಕೈತುಂಬ ತೊಡಿಸುವರು. ನನಗೆ ಮಾತ್ರ ಗಂಡ ಇಲ್ಲವೆಂದು ಒಳಗೆ ಗೊತ್ತಿತ್ತು. ಹೇಗೆ ಗೊತ್ತೆಂದರೆ ಹೇಳಲಾರೆ. ಬಂಡೂರಿನಿಂದ ಅಣ್ಣ ಬಂದು ಕರೆದರೂ ಅತ್ತೆ ಕಳಿಸಲಿಲ್ಲ. ಮೇಷ್ಟ್ರು ಹೇಳಿಕೊಟ್ಟ ಬಲದಿಂದ ನಾನು ಮನೆಯಲ್ಲೇ ಓದಿ ಲೋಯರ್ ಸೆಕೆಂಡರಿ ಪರೀಕ್ಷೆಗೆ ಕಟ್ಟಿ ಪಾಸು ಮಾಡಿದೆ. ಮೈಸೂರಿನಲ್ಲಿ ಹೆಂಗಸರ ಟ್ರೇನಿಂಗ್ ಸ್ಕೂಲಿದೆ, ಹಾಸ್ಟೆಲ್ಲಿದೆ, ಮೇಡಂ ಆಗಬಹುದು ಎಂದು ಮೇಷ್ಟ್ರು ತಿಳಿದುಕೊಂಡು ಬಂದರು. ಅತ್ತೆ ಒಪ್ಪಲಿಲ್ಲ.

"ಗಂಡ ಬರೋ ಒತ್ಗೆ ಎಂಡ್ರು ಮನೇಲ್ ಇರ್ಬ್ಯಾಡ್ವಾ? ಅವ್ನು ಬಾಗ್ಲಿಗ್ ಬಂದು ಕರುದ್ರೆ ಯಾರ್ ಓಗೊಡೋದು?"

ಬರುವವನೇ ಇಲ್ಲದ ಬಾಗಿಲನ್ನು ನಾನು ಕಾಯಬೇಕಾಗಿತ್ತು.

ಒಂದು ದಿನ ಅತ್ತೆ ಸಂತೆಗೆ ಹೋದಾಗ ಮೇಷ್ಟ್ರು ಕಿಟಕಿಯ ಹತ್ತಿರ ಬಂದು, "ಅಮ್ಮಾ, ಆ ಪಾಠದಲ್ಲಿ ಇನ್ನರ್ಧ ಇದೆ" ಎಂದರು. ಹೇಳಿದರು. ಕೇಳಿ ನನ್ನ ಮೈಯೆಲ್ಲ ಉರಿದುಹೋಯಿತು. "ಇದನ್ನ ಇಷ್ಟು ದಿನ ಹೊಟ್ಟೇಲಿ ಇಟ್ಕೊಂಡಿದ್ರಾ? ನನ್ನ ಗತಿ ಏನು ಅಂತ ಒಂದು ಸಲವಾದರೂ ಅಂದ್ಕೊಂಡ್ರಾ?" ಎಂದು ಕೂಗಿದೆ. ಅವರು ತಲೆ ತಗ್ಗಿಸಿ, "ಆಕೆ ಊಟ ಮಾಡಿದರಲ್ಲಮ್ಮ, ಅದನ್ನ ನೋಡಿಬಿಟ್ಟೆ. ಅವರ ಮಗನ್ನ ಅಲ್ಲಿ ನಿಲ್ಲಿಸಿದೋನು ನಾನು, ನಾನೇ ಹೇಳಬೇಕು. ಧೈರ್ಯ ಬರ್ತಿಲ್ಲ" ಎಂದರು. ನಕ್ಷತ್ರ ಕುಸಿಯುವುದನ್ನು ಸ್ಲೇಟಿನ ಮೇಲೆ ನೋಡಬಲ್ಲ ಗಂಡಸಿಗೆ ಒಬ್ಬ ಮುದುಕಿಯೆದುರು ಎರಡು ಮಾತಾಡುವ ಧೈರ್ಯವಿಲ್ಲ. ಅವರ ಮೇಲೆ ಆಗ ನನಗೆ ಬಂದ ಕೋಪ ಸಣ್ಣದಲ್ಲ. ಈ ವಯಸ್ಸಿನಲ್ಲೂ ಅದು ಪೂರ್ತಿ ಇಳಿದಿಲ್ಲ.

ಆ ವರ್ಷಗಳಲ್ಲಿ ಅವರು ಇಳಿದುಹೋದರು. ದಪ್ಪ ಆಳು ಅಂಗಿಯೊಳಗೆ ಸಡಿಲವಾದರು. ಸ್ಕೂಲಿನಲ್ಲಿ ಪಾಠ ಅರ್ಧಕ್ಕೆ ನಿಲ್ಲಿಸುವುದನ್ನೂ ಬಿಟ್ಟರೆಂದು ಮಕ್ಕಳು ಹೇಳಿದರು. ಗಂಟೆ ಹೊಡೆದರೂ ಬಿಡದೆ ಮುಗಿಸಿಯೇ ಕಳಿಸುತ್ತಿದ್ದರಂತೆ. ತಮ್ಮದೇ ಒಂದು ಲೆಕ್ಕವನ್ನು ಮಾತ್ರ ಮುಗಿಸಲಾರದೆ ಒದ್ದಾಡುತ್ತಿದ್ದರು. ಅಂಥ ಕುಸಿದ ನಕ್ಷತ್ರದೊಳಕ್ಕೆ ಏನಾದರೂ ಬಿದ್ದರೆ ಅದರ ಸುತ್ತಲಿನ ದೇಶ ಕಾಲ ಏನಾಗುತ್ತದೆ ಎಂಬುದು ಅವರ ಪ್ರಶ್ನೆ. ನಾವು ಉಣ್ಣುವ ಕಂಚಿನ ಗಂಗಳವನ್ನು ಬೆರಳಿನಿಂದ ತಟ್ಟಿ ಕಿವಿಗೆ ಹಿಡಿಯುವರು. "ಕೇಳಮ್ಮ. ಕಣ್ಣು ಮುಚ್ಚಿದ್ರೂ ಗಂಗಳ ಎಷ್ಟು ದೊಡ್ಡದು, ಎಷ್ಟು ದಪ್ಪ ಅಂತ ಈ ನಾದ ಹೇಳುತ್ತೆ. ಅದನ್ನೂ ಹೀಗೆ ತಟ್ಟಿದರೆ ಅದುರಬೇಕು. ಅದುರಿ ಸುಮ್ಮನಾಗಬೇಕು. ಬೆಳಕೇ ಬಾರದ್ದು, ಅದುರೋದ್ರಲ್ಲಿ ತನ್ನ ಆಕಾರ ಹೇಳಬೇಕು." ಆಗ ಆ ವಸ್ತುವಿಗೆ ಹೆಸರೂ ಇರಲಿಲ್ಲ. ಕಪ್ಪುಕುಳಿ ಎಂಬ ಮಾತನ್ನು ನಾನು ಓದಿದ್ದು ಮುದುಕಿಯಾಗುವ ಹೊತ್ತಿಗೆ. ಅದು ಹೀಗೇ ಅದುರಿ ಸುಮ್ಮನಾಗುತ್ತದೆಂದು ಯಾರೋ ಲೆಕ್ಕ ಮಾಡಿ ತೋರಿಸಿದ್ದಾರೆಂದೂ ಓದಿದೆ. ಓದಿ, ಪತ್ರಿಕೆ ಮಡಚಿಟ್ಟು, ಅಡಿಗೆಮನೆಯ ಗಂಗಳವನ್ನು ತಟ್ಟಿ ಕಿವಿಗೆ ಹಿಡಿದೆ.

ಯುದ್ಧ ಮುಗಿಯಿತು. ಸೆರೆ ಸಿಕ್ಕಿದ್ದವರು ಒಬ್ಬೊಬ್ಬರೇ ಊರಿಗೆ ಬಂದರು. ಮದ್ದೂರಿನ ಆ ಸಾಬರ ಹುಡುಗನೂ ಬಂದ. ಹುಡುಗನೆಂದೆ, ನೋಡಿದರೆ ನನ್ನಪ್ಪನ ವಯಸ್ಸಿನವನಂತಿದ್ದ, ಹಲ್ಲಿಲ್ಲ, ಕಾಲು ಕಡ್ಡಿ. ತನ್ನ ಮನೆ ಸೇರಿದವನು ಮಾರನೆಯ ದಿನವೇ ಬಸ್ಸು ಹತ್ತಿ ನಮ್ಮ ಮನೆಗೆ ಬಂದಿದ್ದ. ಅತ್ತೆ ಅವನಿಗೆ ಎಲೆ ಹಾಕಿ ಊಟಕ್ಕಿಕ್ಕಿದರು. ಅವನು ಅನ್ನ ಮುಟ್ಟಲಿಲ್ಲ.

"ಅವ್ವಾ, ಕಾಡಲ್ಲಿ ರೈಲ್ವೆ ಕೆಲ್ಸಕ್ಕೆ ಆಕಿದ್ರು ನಮ್ಮುನ್ನ. ಜ್ವರ ಬಂತು ಅವ್ನಿಗೆ. ಮದ್ದಿರ್ನಿಲ್ಲ. ನನ್ ತೊಡೆ ಮ್ಯಾಲೇ ತಲೆ ಮಡಗಿದ್ದ. ನನ್ ಕೈಯಾರೆ ಮಣ್ ಮಾಡ್ದೆ ಕಣವ್ವ."

ಅತ್ತೆ ಅವನ ಎಲೆಗೆ ಇನ್ನೊಂದು ಸೌಟು ಸಾರು ಬಿಟ್ಟರು. "ನಿಂಗೆ ಅಂಗ್ ಕಂಡಿರ್ಬೋದು ಮಗ. ಜ್ವರ ನಿಂಗೂ ಇತ್ತೇನೋ. ನನ್ ಮಗ ನಿಂತವ್ನೆ. ಮೇಷ್ಟ್ರು ಲೆಕ್ಕ ಆಕವ್ರೆ. ಉಣ್ಣು."

ಅವನು ಎಲೆಯ ಮುಂದೆ ಕೂತು ಹೋ ಎಂದು ಅತ್ತ. ಅಷ್ಟು ದೂರದಿಂದ ಆ ಸಾವನ್ನು ಎದೆಯಲ್ಲಿ ಹೊತ್ತು ತಂದಿದ್ದ, ಇಳಿಸಿಕೊಳ್ಳುವವರಿರಲಿಲ್ಲ. ನಾನು ಕಂಬ ಹಿಡಿದು ನಿಂತಿದ್ದೆ.

ಮುಂದಿನ ಕೋಣೆಯ ಬಾಗಿಲು ಸದ್ದಾಯಿತು. ಅಷ್ಟು ವರ್ಷದಲ್ಲಿ ಒಮ್ಮೆಯೂ ಹೊಸಿಲು ದಾಟಿ ನಮ್ಮ ನಡುಮನೆಗೆ ಬರದಿದ್ದ ಮೇಷ್ಟ್ರು ಒಳಗೆ ಬಂದು ಅತ್ತೆಯ ಎದುರು ನೆಲದ ಮೇಲೆ ಕೂತರು.

"ತಾಯಿ, ಅವತ್ತು ನಾನು ಅರ್ಧ ಹೇಳಿದ್ದೆ."

"ಏನರ್ದ?"

"ನಿಂತ ಹಾಗೆ ಕಾಣೋದು ದೂರದಲ್ಲಿರೋ ನಮಗೆ. ಬಿದ್ದವನಿಗಲ್ಲ. ಅವನ ಗಡಿಯಾರ ಅವನ ಕೈಯಲ್ಲಿ ಎಂದಿನ ಹಾಗೇ ಓಡ್ತಿರುತ್ತೆ. ಅವನು ಎಲ್ಲೆ ದಾಟಿ ಹೋಗೇಬಿಡ್ತಾನೆ. ಬಹಳ ಹೊತ್ತೂ ಹಿಡಿಯೋದಿಲ್ಲ. ನಾವು ನೋಡ್ತಾ ಇರೋದು ಅವನು ಹೋಗೋದಕ್ಕೆ ಮುಂಚೆ ಅವನಿಂದ ಹೊರಟ ಬೆಳಕು. ಅದು ತಡವಾಗಿ ತಡವಾಗಿ ಬರ್ತಾ ಇದೆ, ಅಷ್ಟೆ. ಅವನು ಹೋಗಿ ಬಹಳ ದಿನ ಆಯ್ತು ತಾಯಿ. ನಿಂತಿರೋರು ನಾವು."

ಅತ್ತೆ ಸೌಟನ್ನು ಪಾತ್ರೆಯೊಳಗೆ ಇಟ್ಟರು. "ಇದು ಅವತ್ತೇ ಗೊತ್ತಿತ್ತಾ ನಿಮ್ಗೆ?"

"ಗೊತ್ತಿತ್ತು."

"ಗೊತ್ತಿದ್ದೂ ಇಷ್ಟ್ ವರ್ಸ ನನ್ ಮಜ್ಜಿಗೆ ಕುಡುದ್ರಾ?"

ಸಾಬರ ಹುಡುಗ ಅಳು ನಿಲ್ಲಿಸಿ ಇಬ್ಬರನ್ನೂ ನೋಡುತ್ತಿದ್ದ. ಅತ್ತೆ ಗೋಡೆಗೆ ಒರಗಿ ಕಣ್ಣು ಮುಚ್ಚಿದರು. ಹಾಗೇ ಕಣ್ಣು ಮುಚ್ಚಿಕೊಂಡೇ ಕೇಳಿದರು.

"ಬಿದ್ ಮ್ಯಾಲೆ ಏನಾಯ್ತದೆ?"

"ಸುತ್ತಲಿರೋದೆಲ್ಲ ಒಂದು ಸಲ ಅದುರುತ್ತೆ. ಆಮೇಲೆ ಸುಮ್ಮನಾಗುತ್ತೆ ಅಂತ ನನ್ನ ನಂಬಿಕೆ. ಲೆಕ್ಕ ಇನ್ನೂ ಮುಗಿದಿಲ್ಲ."

"ನಿಮ್ ಲೆಕ್ಕ ಇನ್ ನಂಗ್ ಬ್ಯಾಡ" ಎಂದರು ಅತ್ತೆ. "ರೂಮ್ ಬುಟ್ಬುಡಿ."

ಆಮೇಲೆ ಅತ್ತೆಯಿಂದ ಹೊರಟ ಅಳು, ನಾಲ್ಕು ವರ್ಷ ಕಟ್ಟಿಟ್ಟಿದ್ದ ಅಳು, ಬೀದಿಯವರನ್ನೆಲ್ಲ ಓಡಿ ಬರುವಂತೆ ಮಾಡಿತು. ಮೇಷ್ಟ್ರು ಆ ವಾರವೇ ಪುಸ್ತಕ ಕಟ್ಟಿಕೊಂಡು ಹೊರಟರು. ಮಂಡ್ಯಕ್ಕೆ ವರ್ಗ ಕೇಳಿಕೊಂಡರೆಂದು ತಿಳಿಯಿತು. ಹೋಗುವಾಗ ನನಗೆ, "ಹೋಗಮ್ಮ, ಓದು" ಎಂದಷ್ಟೇ ಅಂದರು. ಅತ್ತೆ ಬಾಗಿಲಿಗೆ ಬರಲಿಲ್ಲ.

ತಿಥಿ ಮಾಡಿದೆವು. ಸಾಬರ ಹುಡುಗನೂ ಬಂದು ಬೇಲಿಯ ಹತ್ತಿರ ಕೂತಿದ್ದ. ಬಳೆ ಒಡೆಯಲು ಹೆಂಗಸರು ನನ್ನ ಸುತ್ತ ನೆರೆದಾಗ ಅತ್ತೆ ಅವರನ್ನೆಲ್ಲ ಗದರಿ ದೂರ ಕಳಿಸಿದರು. ಸೀಗೆಪುಡಿ ಕಲಸಿ ನನ್ನ ಕೈಗೆ ಸವರಿ, ಒಂದೊಂದಾಗಿ ಬಳೆಗಳನ್ನು ಜಾರಿಸಿ ತೆಗೆದರು. "ಒಡ್ಯೋದ್ಯಾಕೆ, ಎಲ್ಲ ಒಡುದ್ ಆಗದೆ" ಎಂದರು. ತಿಂಗಳು ಕಳೆದ ಮೇಲೆ ತಾವಾಗಿಯೇ, "ಆ ಮೈಸೂರ್ ಇಸ್ಕೂಲ್ ಏನಾಯ್ತು? ಓಗಮ್ಮಿ. ಇನ್ಯಾವ ಬಾಗ್ಲ ಕಾಯ್ತೀಯ" ಎಂದರು. ನಾನು ಹೋದೆ. ಮುಂದೆ ಊರೂರಿಗೆ ವರ್ಗವಾಗುತ್ತ ಹೆಣ್ಣುಮಕ್ಕಳಿಗೆ ರೇಖಾಗಣಿತ ಕಲಿಸಿ ಬದುಕಿದೆ. ಮೇಷ್ಟ್ರು ಆ ದಿನ ನಡುಮನೆಗೆ ಬಾರದೆ ಇದ್ದಿದ್ದರೆ ನಾನು ಇವತ್ತಿಗೂ ಆ ಕಂಬದ ಹತ್ತಿರವೇ ಇರುತ್ತಿದ್ದೆ. ಆ ಋಣ ನನ್ನದು, ತೀರಿಸಲು ಅವರಿರಲಿಲ್ಲ.

ಮಾರನೆಯ ವರ್ಷ, ಊರಿನ ಸ್ಕೂಲುಗಳ ಮೇಲೆಲ್ಲ ಹೊಸ ಬಾವುಟ ಹಾರಿಸಿದ ಸ್ವಲ್ಪ ದಿನಕ್ಕೆ ನಾನು ರಜಕ್ಕೆ ಮಳವಳ್ಳಿಗೆ ಬಂದಿದ್ದೆ. ಮಂಡ್ಯದಿಂದ ಬಂದ ಸ್ಕೂಲಿನ ಜವಾನನೊಬ್ಬ ಜಗುಲಿಯಲ್ಲಿ ನಿಂತು ಸುದ್ದಿ ಹೇಳಿದ. ಮೇಷ್ಟ್ರಿಗೆ ವಿಷಮಶೀತ ಜ್ವರ ಬಂದು, ಆಸ್ಪತ್ರೆಯಲ್ಲಿದ್ದು, ಹೋಗಿಬಿಟ್ಟರು. ಸ್ಕೂಲಿನವರೇ ಸೇರಿ ಸಂಸ್ಕಾರ ಮಾಡಿದರು. ಅತ್ತೆ ಅವರೆಕಾಯಿ ಸುಲಿಯುತ್ತಿದ್ದರು.

"ಕೊನೇಲಿ ಯಾರಿದ್ರು?" ಎಂದು ಕೇಳಿದರು.

"ಯಾರೂ ಇರ್ನಿಲ್ಲ ಕಣವ್ವ. ನೆಂಟ್ರಿಗೆ ತಂತಿ ಕೊಟ್ರು, ಬರ್ನಿಲ್ಲ."

ಅತ್ತೆ ಮೊರವನ್ನು ಪಕ್ಕಕ್ಕಿಟ್ಟು ಎದ್ದರು. ಹಿತ್ತಲಿಗೆ ಹೋದರು. ಬಾವಿಯ ರಾಟೆ ಸದ್ದಾಯಿತು. ನಾನು ಹೋಗಿ ನೋಡುವಷ್ಟರಲ್ಲಿ ಉಟ್ಟ ಸೀರೆಯಲ್ಲೇ ತಣ್ಣೀರನ್ನು ತಲೆಯ ಮೇಲೆ ಸುರಿದುಕೊಂಡು ಗಡಗಡ ನಡುಗುತ್ತ ನಿಂತಿದ್ದರು. ಮನೆಯವರು ಸತ್ತಾಗ ಮಾತ್ರ ನಮ್ಮಲ್ಲಿ ಹಾಗೆ ನೀರು ಹುಯ್ದುಕೊಳ್ಳುವುದು. ಪಕ್ಕದ ಮನೆಯಾಕೆ ಬೇಲಿಯಿಂದ ಇಣುಕಿ, "ಇದ್ಯಾಕವ್ವ, ಯಾವ್ ಜಾತಿ ಮೇಷ್ಟ್ರೋ ಏನೋ, ನಿಮ್ಗ್ಯಾತರ್ ಸೂತ್ಕ?" ಎಂದಳು.

ಅತ್ತೆ ಅವಳ ಕಡೆ ತಿರುಗಲಿಲ್ಲ. ನನ್ನನ್ನು ನೋಡಿ ಹೇಳಿದರು:

"ನನ್ ಮಗುನ್ ತಿಥಿ ದಿನ ಅವ್ನು ಬಂದಿದ್ದ ಕಣಮ್ಮಿ. ಬೀದಿ ಆಚೆ ನಿಂತಿದ್ದ, ಪೂರ್ತಿ ಮುಗ್ಯೋಗಂಟ. ನಾನು ನೋಡ್ದೆ. ಬಾ ಅನ್ನಿಲ್ಲ."

ಹಗ್ಗವನ್ನು ನನ್ನ ಕೈಗೆ ಕೊಟ್ಟರು. "ಸೇದ್ಕೊ. ನೀನೂ ಉಯ್ಕೊ. ಅವ್ನಿಗೆ ಇನ್ಯಾರವ್ರೆ."